ಸೆಕೆಗೆ ಸೊರಗುವ ಎಂಜಿನ್

ಮಾರ್ಚ್ ಕಾಲಿಟ್ಟಿತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಗ್ಯಾರೇಜುಗಳಲ್ಲಿ ಕೇಳುವುದು ಒಂದೇ ದೂರು: ‘ಗಾಡಿ ಎಳುದಿಲ್ಲ ಮಾರಾಯ್ರೆ, ಪಿಕಪ್ಪೇ ಇಲ್ಲ.’ ರಿಕ್ಷಾದವರು, ಟೆಂಪೊದವರು, ಮುರಕಲ್ಲು ಸಾಗಿಸುವ ಲಾರಿಯವರು, ಮೀನು ತುಂಬಿಕೊಂಡು ಘಾಟಿ ಹತ್ತುವವರು, ಎಲ್ಲರದೂ ಅದೇ ಮಾತು. ಕಾರಣ ಕೇಳಿದರೆ ಸೆಕೆ ಎನ್ನುತ್ತಾರೆ. ಆ ಉತ್ತರ ಸುಳ್ಳಲ್ಲ, ಆದರೆ ಅರ್ಧಂಬರ್ಧ. ಸೆಕೆಯ ಪಾಲೆಷ್ಟು, ಗಾಡಿಯ ಪಾಲೆಷ್ಟು ಎಂದು ಲೆಕ್ಕಕ್ಕೆ ಕುಳಿತರೆ ಚಿತ್ರ ಬೇರೆಯೇ ಆಗುತ್ತದೆ. ನಮ್ಮ ಕರಾವಳಿಯ ಬೇಸಗೆ ಸುಸ್ಥಿತಿಯಲ್ಲಿರುವ ಎಂಜಿನ್ನಿನಿಂದ ಕಸಿಯುವುದು ನೂರಕ್ಕೆ ಮೂರೋ ನಾಲ್ಕೋ ಪಾಲು ಅಷ್ಟೆ. ಅದಕ್ಕಿಂತ ಬಹಳ ಹೆಚ್ಚು ಹೋಗಿದೆ ಎಂದಾದರೆ ಆ ಗಾಡಿಗೆ ಮೊದಲೇ ಏನೋ ಕಾಯಿಲೆ ಇದೆ, ಬಿಸಿಲು ಅದನ್ನು ಬಯಲಿಗೆ ತಂದಿದೆ ಎಂದೇ ತಿಳಿಯಬೇಕು.

ಮೊದಲು ಗಾಳಿಯ ವಿಚಾರ. ಎಂಜಿನ್ ನಡೆಯುವುದು ಪೆಟ್ರೋಲಿನಿಂದ ಎಂದು ನಾವು ಹೇಳುತ್ತೇವಾದರೂ ತೂಕ ಹಾಕಿದರೆ ಅದು ನುಂಗುವುದು ಬಹುಪಾಲು ಗಾಳಿಯನ್ನೇ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿಗೆ ಹತ್ತಿರಹತ್ತಿರ 9,500 ಲೀಟರ್ ಗಾಳಿ ಎಂದಾಯಿತು. ಸಿಲಿಂಡರಿನ ಗಾತ್ರ ಬದಲಾಗುವುದಿಲ್ಲ. ಪಿಸ್ಟನ್ ಪ್ರತಿ ಸಲ ಕೆಳಗಿಳಿದಾಗಲೂ ಒಳಗೆ ಬರುವ ಗಾಳಿಯ ಗಾತ್ರ ಅಷ್ಟೇ. ಗಾಳಿ ಬಿಸಿಯಾದರೆ ಹಿಗ್ಗುತ್ತದೆ, ಅದೇ ಗಾತ್ರದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಉಷ್ಣತೆ 3 ಡಿಗ್ರಿ ಏರಿದರೆ ಗಾಳಿ ನೂರಕ್ಕೆ ಒಂದು ಪಾಲಿನಷ್ಟು ತೆಳುವಾಗುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು. ಆಮ್ಲಜನಕ ಕಡಿಮೆಯಾದಷ್ಟೂ ಉರಿಸಬಹುದಾದ ಎಣ್ಣೆ ಕಡಿಮೆ, ಹುಟ್ಟುವ ಬಲವೂ ಕಡಿಮೆ.

ಶಾಲಾ ಪುಸ್ತಕದ ವಿವರಣೆ ಇಲ್ಲಿಗೆ ನಿಲ್ಲುತ್ತದೆ. ಆದರೆ ಕುಂದಾಪುರದ ಸೆಕೆ ರಾಯಚೂರಿನ ಬಿಸಿಲಲ್ಲ. ಇಲ್ಲಿ ಗಾಳಿಯಲ್ಲಿ ನೀರಿದೆ. ಆ ನೀರಾವಿ ಗಾಳಿಯ ಜಾಗವನ್ನು ತಿನ್ನುತ್ತದೆ. ಅದು ಒಳಗೆ ಬಂದಷ್ಟೂ ಆಮ್ಲಜನಕ ಹೊರಗೆ ಉಳಿಯುತ್ತದೆ. ಎರಡು ದಿನಗಳನ್ನು ಎದುರುಬದುರು ಇಟ್ಟು ನೋಡೋಣ. ಒಂದು, ಫೆಬ್ರವರಿ ಕೊನೆಯ ಅಥವಾ ಮಾರ್ಚ್‌ನ ಒಣಹವೆಯ ದಿನ. ಘಟ್ಟದ ಕಡೆಯಿಂದ ಮೂಡಣ ಗಾಳಿ ಬೀಸುತ್ತಿದೆ, ಪಾದರಸ 38ಕ್ಕೆ ಏರಿದೆ, ತೇವಾಂಶ ನೂರಕ್ಕೆ 25. ಕರಾವಳಿಯಲ್ಲಿ ಉಷ್ಣತೆ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಷ್ಟು ಹೆಚ್ಚಾದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎಂದು ಪರಿಗಣಿಸುತ್ತದೆ. ಬಯಲುಸೀಮೆಗೆ ಆ ಮಿತಿ 40. ಇನ್ನೊಂದು, ಮೇ ತಿಂಗಳ ಮಾಮೂಲಿ ದಿನ. ಉಷ್ಣತೆ ಬರೀ 34, ಆದರೆ ತೇವಾಂಶ 65. ಸಮುದ್ರ ಮಟ್ಟದಲ್ಲಿ ಒಂದು ಘನಮೀಟರಿನಲ್ಲಿರುವ ಒಣಗಾಳಿಯ ತೂಕವನ್ನು ಲೆಕ್ಕ ಹಾಕಿದರೆ ಮೊದಲ ದಿನ 1.116 ಕಿಲೋ, ಎರಡನೆಯ ದಿನ 1.110 ಕಿಲೋ ಬರುತ್ತದೆ. ಪತ್ರಿಕೆಯಲ್ಲಿ ಸುದ್ದಿಯಾಗುವ 38 ಡಿಗ್ರಿಯ ದಿನಕ್ಕಿಂತ ಯಾರ ಗಮನಕ್ಕೂ ಬಾರದ 34 ಡಿಗ್ರಿಯ ದಿನದಲ್ಲೇ ಎಂಜಿನ್ನಿಗೆ ಸಿಗುವ ಗಾಳಿ ತುಸು ಕಡಿಮೆ. ‘ಇವತ್ತು ಅಷ್ಟೇನೂ ಬಿಸಿಲಿಲ್ಲ, ಆದರೂ ಗಾಡಿ ಎಳೆಯುತ್ತಿಲ್ಲ’ ಎಂದು ಚಾಲಕ ಹೇಳಿದರೆ ಅದು ಬರೀ ಭ್ರಮೆ ಎಂದು ತಳ್ಳಿಹಾಕುವಂತಿಲ್ಲ.

ಹಾಗಾದರೆ ಒಟ್ಟು ನಷ್ಟ ಎಷ್ಟು? ಡಿಸೆಂಬರಿನ ಮುಂಜಾನೆ, 24 ಡಿಗ್ರಿ, 60ರ ತೇವಾಂಶ ಇದ್ದಾಗ ಅದೇ ಘನಮೀಟರಿನಲ್ಲಿ 1.167 ಕಿಲೋ ಒಣಗಾಳಿ ಇರುತ್ತದೆ. ಮೇ ತಿಂಗಳಿಗೆ ಬರುವಾಗ ನೂರಕ್ಕೆ ಐದರಷ್ಟು ಗಾಳಿ ಹೋಯಿತು. ವಾಹನ ಕಂಪನಿಗಳು ಹೇಳುವ ಅಶ್ವಶಕ್ತಿ 25 ಡಿಗ್ರಿ ಉಷ್ಣತೆಗೆ ಸರಿಹೊಂದಿಸಿದ ಅಂಕಿ. ಆ ಸರಿಹೊಂದಿಸುವ ಸೂತ್ರವನ್ನೇ ಹಿಡಿದು ಕುಂದಾಪುರದ ಮೇ ಮಧ್ಯಾಹ್ನಕ್ಕೆ ಲೆಕ್ಕ ಹಾಕಿದರೆ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ 100ರಲ್ಲಿ ಸುಮಾರು 97 ಕೊಡುತ್ತದೆ.

ಇದಕ್ಕಿಂತ ಸೋಜಿಗದ ಹೋಲಿಕೆ ಇನ್ನೊಂದಿದೆ. ರಜೆಗೆ ಬೆಂಗಳೂರಿನಿಂದ ಊರಿಗೆ ಬರುವವರು ‘ಕೆಳಗೆ ಬಂದರೆ ಕಾರು ಮಂಕಾಗುತ್ತದೆ’ ಎನ್ನುವುದುಂಟು. ಬೆಂಗಳೂರು ಸಮುದ್ರಮಟ್ಟದಿಂದ 920 ಮೀಟರ್ ಎತ್ತರದಲ್ಲಿದೆ, ಅಲ್ಲಿಯ ಗಾಳಿಯ ಒತ್ತಡವೇ ನೂರಕ್ಕೆ ಹತ್ತರಷ್ಟು ಕಡಿಮೆ. ಅಲ್ಲಿ 30 ಡಿಗ್ರಿಯ ಹಿತವಾದ ಮಧ್ಯಾಹ್ನ ಸಿಗುವ ಗಾಳಿಗಿಂತ ಕುಂದಾಪುರದ ಮೇ ತಿಂಗಳ ಬೇಗೆಯಲ್ಲಿ ಸಿಗುವ ಗಾಳಿ ನೂರಕ್ಕೆ ಏಳೆಂಟು ಪಾಲು ಹೆಚ್ಚು! ಗಾಳಿಯೊಂದೇ ಕಾರಣವಾಗಿದ್ದರೆ ಆ ಕಾರು ಇಲ್ಲಿಗೆ ಬಂದೊಡನೆ ಚುರುಕಾಗಬೇಕಿತ್ತು. ಹಾಗಾಗುವುದಿಲ್ಲ ಎಂದಾದರೆ ಕಳ್ಳನನ್ನು ಬೇರೆ ಕಡೆ ಹುಡುಕಬೇಕು.

ವಿಮಾನಗಳಿಗಾದರೆ ಗಾಳಿ ತೆಳುವಾಗುವುದೇ ನೇರ ಸಮಸ್ಯೆ, ಏಕೆಂದರೆ ಎಂಜಿನ್ನಿಗೂ ರೆಕ್ಕೆಗೂ ಅದೇ ಗಾಳಿ ಆಧಾರ. 2017ರ ಜೂನ್‌ನಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ಉಷ್ಣತೆ 48 ಡಿಗ್ರಿ ದಾಟುವ ಮುನ್ಸೂಚನೆ ಬಂದಾಗ ನಲವತ್ತಕ್ಕೂ ಹೆಚ್ಚು ಸಣ್ಣ ವಿಮಾನಗಳ ಹಾರಾಟವನ್ನು ರದ್ದುಪಡಿಸಿದ್ದರು. ನೆಲದ ಮೇಲಿನ ಗಾಡಿಗೆ ಅಂಥ ಗತಿ ಬರುವುದಿಲ್ಲ.

ಕಳ್ಳನ ಮೊದಲ ಅಡಗುತಾಣ ಬಾನೆಟ್ಟಿನ ಅಡಿ. ಹವಾಮಾನ ವರದಿಯ 34 ಡಿಗ್ರಿ ನೆರಳಿನ ಉಷ್ಣತೆ. ಡಾಂಬರಿನ ಮೇಲೆ ನಿಂತ ಗಾಡಿಯ ಎಂಜಿನ್ ಉಸಿರಾಡುವುದು ಆ ಗಾಳಿಯನ್ನಲ್ಲ. ಗುಂಡ್ಮಿಯ ಟೋಲ್ ಸಾಲಿನಲ್ಲೋ, ಕುಂದಾಪುರದ ಶಾಸ್ತ್ರಿ ಸರ್ಕಲ್ ಬಳಿಯ ದಟ್ಟಣೆಯಲ್ಲೋ ಹತ್ತು ನಿಮಿಷ ನಿಂತರೆ ಎದುರಿನ ಲಾರಿಯ ಹೊಗೆ, ನಮ್ಮದೇ ರೇಡಿಯೇಟರಿನಿಂದ ಮರಳಿ ಬರುವ ಬಿಸಿ, ಕಾದ ರಸ್ತೆ ಎಲ್ಲ ಸೇರಿ ಒಳಸೇರುವ ಗಾಳಿ 55 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಮೇಲಿನ ಸೂತ್ರವನ್ನು ಅಲ್ಲಿಗೆ ಹಚ್ಚಿದರೆ 97 ಇದ್ದದ್ದು 93 ಆಗುತ್ತದೆ. ಏರ್‌ಫಿಲ್ಟರಿನ ಕೊಳವೆ ಸಡಿಲವಾಗಿಯೋ ಮುರಿದೋ ಇದ್ದರಂತೂ ಹೊರಗಿನ ಗಾಳಿ ಬಿಟ್ಟು ಎಂಜಿನ್ ಕೋಣೆಯ ಬೆಂದ ಗಾಳಿಯೇ ಇಡೀ ದಿನ ಒಳಗೆ. ಬೇಸಗೆಯಲ್ಲಿ ಮುರಕಲ್ಲಿನ ಕೆಂಪು ಧೂಳು ಕೂತು ಫಿಲ್ಟರ್ ಕಟ್ಟಿಕೊಳ್ಳುವುದೂ ಇದಕ್ಕೆ ಸೇರುತ್ತದೆ. ಕ್ವಾರಿಯ ದಾರಿಯಲ್ಲಿ ಓಡುವ ಗಾಡಿಯ ಫಿಲ್ಟರ್ ಬದಲಿಸಲು ಕಂಪನಿಯ ಪುಸ್ತಕದಲ್ಲಿ ಬರೆದ ಅವಧಿಯವರೆಗೆ ಕಾಯುತ್ತ ಕೂರುವುದು ತಪ್ಪು.

ಬಿಸಿ ಗಾಳಿ ಪೆಟ್ರೋಲ್ ಎಂಜಿನ್ನಿಗೆ ಇನ್ನೊಂದು ತೊಂದರೆ ತರುತ್ತದೆ. ಸಿಲಿಂಡರಿನಲ್ಲಿ ಒತ್ತಿದ ಮಿಶ್ರಣ ಕಿಡಿ ಮುಟ್ಟಿದ ಕಡೆಯಿಂದ ಕ್ರಮವಾಗಿ ಉರಿಯುತ್ತ ಹೋಗಬೇಕು. ಮೊದಲೇ ಕಾದ ಗಾಳಿಯಾದರೆ ಜ್ವಾಲೆ ತಲುಪುವ ಮುಂಚೆಯೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ. ಏರಿನಲ್ಲಿ ಟಾಪ್ ಗೇರಿನಲ್ಲೇ ಎಳೆದಾಗ ಕೇಳುವ ಕಟಕಟ ಸದ್ದು ಅದೇ, ಮೆಕ್ಯಾನಿಕ್ಕುಗಳು ನಾಕಿಂಗ್ ಎನ್ನುತ್ತಾರೆ. ಈಗಿನ ಕಾರುಗಳಲ್ಲಿ ಆ ಸದ್ದನ್ನು ಹಿಡಿಯುವ ಸೆನ್ಸರ್ ಇದೆ. ಸದ್ದು ಬಂದ ಕೂಡಲೇ ಎಂಜಿನ್ನಿನ ಕಂಪ್ಯೂಟರ್ ಕಿಡಿ ಹಾರುವ ಗಳಿಗೆಯನ್ನು ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಬಲ ಇಳಿಯುತ್ತದೆ. ಶೇಕಡಾ 20ರಷ್ಟು ಎಥನಾಲ್ ಬೆರೆತ ಈಗಿನ ಪೆಟ್ರೋಲಿನ ಬಗ್ಗೆ ಬಹಳ ಬೈಗುಳಗಳಿವೆ, ಮೈಲೇಜ್ ತುಸು ಇಳಿಯುವುದು ನಿಜವೇ. ಆದರೆ ನಾಕಿಂಗ್ ವಿಷಯದಲ್ಲಿ ಎಥನಾಲ್ ಉಪಕಾರಿ: ಅದರ ಆಕ್ಟೇನ್ ಹೆಚ್ಚು, ಆವಿಯಾಗುವಾಗ ಪೆಟ್ರೋಲಿಗಿಂತ ದುಪ್ಪಟ್ಟಿಗೂ ಹೆಚ್ಚು ಬಿಸಿಯನ್ನು ಹೀರಿಕೊಂಡು ಒಳಗಿನ ಮಿಶ್ರಣವನ್ನು ತಂಪಾಗಿಸುತ್ತದೆ. ಬಲ ಹೋಯಿತೆಂದು ಅದರ ಮೇಲೆ ಗೂಬೆ ಕೂರಿಸುವುದು ನ್ಯಾಯವಲ್ಲ.

ಇಷ್ಟು ಸಣ್ಣ ನಷ್ಟಗಳು ಚಾಲಕನಿಗೆ ಅಷ್ಟು ದೊಡ್ಡದಾಗಿ ಏಕೆ ತಟ್ಟುತ್ತವೆ? ಉತ್ತರ ಘಾಟಿಯಲ್ಲಿದೆ. ನಮ್ಮ ಈ ಮೂರು ತಾಲ್ಲೂಕುಗಳದು ವಿಚಿತ್ರ ಭೂಗೋಳ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ. ರಸ್ತೆ ನೀರಿನ ಮಟ್ಟದಲ್ಲೇ ಇದೆ. ಅಲ್ಲಿಂದ ಹೊರಟವನು ಕೆಲವೇ ಗಂಟೆಗಳಲ್ಲಿ ಹೊಸಂಗಡಿಯ ಮೇಲೆ ಬಾಳೆಬರೆ ಘಾಟಿಯನ್ನೋ, ಕೊಲ್ಲೂರಿನ ಮೇಲೆ ನಾಗೋಡಿಯನ್ನೋ ಹತ್ತುತ್ತಿರುತ್ತಾನೆ. 16 ಟನ್ ತೂಗುವ, 130 ಅಶ್ವಶಕ್ತಿಯ ಹಳೆಯ ಲಾರಿಯೊಂದು 10 ಕಿಲೋಮೀಟರಿನಲ್ಲಿ 500 ಮೀಟರ್ ಎತ್ತರವನ್ನು 20 ನಿಮಿಷದಲ್ಲಿ ಏರಿತೆಂದು ಇಟ್ಟುಕೊಳ್ಳೋಣ. ಆ ಭಾರವನ್ನು ಮೇಲೆತ್ತಲಿಕ್ಕೇ 88 ಅಶ್ವಶಕ್ತಿ ಬೇಕು. ಟಯರುಗಳ ಎಳೆತಕ್ಕೆ ಇನ್ನೊಂದು 17. ಗೇರ್‌ಬಾಕ್ಸ್, ಹೌಸಿಂಗ್‌ಗಳಲ್ಲಿ ಸೋರಿಹೋಗುವುದನ್ನು ಸೇರಿಸಿದರೆ ಎಂಜಿನ್ 117ರಷ್ಟು ಕೊಡಲೇಬೇಕು. ಕೈಯಲ್ಲಿ ಉಳಿಯುವುದು 13. ಈಗ ಬೇಸಗೆಯ ಜೊತೆ ಬಾನೆಟ್ಟಿನ ಅಡಿಯ ಬಿಸಿಯೂ ಸೇರಿ 130ರಲ್ಲಿ 6 ಕಿತ್ತುಕೊಂಡರೆ ಅದು ಲೆಕ್ಕದಲ್ಲಿ ನೂರಕ್ಕೆ ಐದು ಪಾಲು. ಚಾಲಕನ ಅನುಭವದಲ್ಲಿ ಅರ್ಧಕ್ಕರ್ಧ. ತಿರುವಿನಲ್ಲಿ ಮತ್ತೆ ವೇಗ ಹಿಡಿಯಲು ಇದ್ದದ್ದು ಆ ಹದಿಮೂರೇ. ನಷ್ಟ ಯಾವಾಗಲೂ ಹೋಗುವುದು ಈ ಮಿಗತೆಯ ಗಂಟಿನಿಂದ. ಸಮತಟ್ಟಾದ ತೆಕ್ಕಟ್ಟೆ, ಕೋಟದ ರಸ್ತೆಯಲ್ಲಿ ಗೊತ್ತೇ ಆಗದ ಕೊರತೆ ಒತ್ತಿನೆಣೆಯ ಏರಿನಲ್ಲಿ ತುಸು ಗೊತ್ತಾಗಿ, ಘಾಟಿಯಲ್ಲಿ ಕಣ್ಣಿಗೆ ಕಟ್ಟುವುದು ಇದೇ ಕಾರಣಕ್ಕೆ.

ಆ ಇಪ್ಪತ್ತು ನಿಮಿಷ ರೇಡಿಯೇಟರಿನ ಮೇಲೆ ಬೀಳುವ ಹೊರೆಯನ್ನೂ ನೋಡಬೇಕು. ಎಣ್ಣೆಯಲ್ಲಿರುವ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಚಕ್ರದ ಕಡೆಗೆ, ಇನ್ನೊಂದು ಪಾಲು ಸೈಲೆನ್ಸರಿಗೆ, ಉಳಿದದ್ದು ತಂಪುಮಾಡುವ ನೀರಿಗೆ ಮತ್ತು ಎಂಜಿನ್ ಮೈಗೆ ಎಂಬುದು ಹಳೆಯ ಅಂದಾಜು. ಹಾಗಾಗಿ ಲಾರಿಯನ್ನು ಮೇಲೆತ್ತುವಷ್ಟೇ ಶಕ್ತಿ ಹೆಚ್ಚುಕಮ್ಮಿ ಬಿಸಿಯಾಗಿ ಹೊರಬೀಳಬೇಕು, ಅದೂ ಎದುರುಗಾಳಿ ಇಲ್ಲದ, ಕೆಳ ಗೇರಿನ ನಿಧಾನ ಏರಿನಲ್ಲಿ. ರೇಡಿಯೇಟರ್ ಬಿಸಿ ಕಳೆಯುವುದು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರದ ಮೇಲೆ. ನೀರು 95, ಗಾಳಿ 25 ಇದ್ದಾಗ ಅಂತರ 70. ಗಾಳಿ 35 ಆದರೆ 60. ಗಾಳಿಯ ಉಷ್ಣತೆ ಹತ್ತು ಡಿಗ್ರಿ ಏರಿದ್ದಕ್ಕೆ ತಂಪುಮಾಡುವ ಬಲದಲ್ಲಿ ಏಳನೇ ಒಂದು ಪಾಲು ಹೋಯಿತು. ಎಂಜಿನ್ ಬಲದ ನಷ್ಟಕ್ಕಿಂತ ಇದು ಎಷ್ಟೋ ದೊಡ್ಡದು ಎನ್ನುವುದನ್ನು ಗಮನಿಸಬೇಕು. ತೇವಾಂಶ ಹೆಚ್ಚಿದ್ದರೆ ನಮ್ಮ ಬೆವರು ಆರುವುದಿಲ್ಲವಾದ್ದರಿಂದ ರೇಡಿಯೇಟರಿಗೂ ಅದೇ ಕಷ್ಟ ಎಂದು ಕೆಲವರು ನಂಬಿದ್ದಾರೆ. ಅದು ಸರಿಯಲ್ಲ, ರೇಡಿಯೇಟರ್ ಬೆವರುವುದಿಲ್ಲ, ಅದಕ್ಕೆ ಗಾಳಿಯ ಉಷ್ಣತೆಯಷ್ಟೇ ಲೆಕ್ಕ.

ಕಂಪನಿಯವರು ಈ ಏಳನೇ ಒಂದು ಪಾಲನ್ನು ಎಣಿಸಿಯೇ ರೇಡಿಯೇಟರ್ ಕೊಟ್ಟಿರುತ್ತಾರೆ. ಅದೇ ಗಾಡಿ ರಾಜಸ್ಥಾನದ 45 ಡಿಗ್ರಿಯಲ್ಲೂ ಓಡಬೇಕಲ್ಲ. ಎಣಿಸದೆ ಇರುವುದು ನಾವು ಅದಕ್ಕೆ ಹೊಯ್ಯುವ ನೀರನ್ನು. ನನ್ನ ಮಟ್ಟಿಗೆ ಕರಾವಳಿಯ ಗಾಡಿಗಳ ದೊಡ್ಡ ಶತ್ರು ಇದು. ಪಂಚಗಂಗಾವಳಿಯ ಅಳಿವೆಯ ಸುತ್ತ, ಗಂಗೊಳ್ಳಿ, ಹೆಮ್ಮಾಡಿ ಕಡೆಯ ತಗ್ಗಿನಲ್ಲಿ ಏಪ್ರಿಲ್ ಬರುವಾಗ ಬಾವಿಗಳಿಗೆ ಉಪ್ಪು ಏರುತ್ತದೆ. ಒಳನಾಡಿನ ಎಷ್ಟೋ ಬೋರ್‌ವೆಲ್ಲುಗಳಲ್ಲಿ ಕಬ್ಬಿಣದ ಅಂಶ. ಕೊಡದಲ್ಲಿ ಹಿಡಿದಿಟ್ಟರೆ ಸಂಜೆಯೊಳಗೆ ಮೇಲೆ ಕೆಂಪು ಕೆನೆ. ಎಲ್ಲಿ ನೀರು ಸಿಕ್ಕಿತೋ ಅಲ್ಲಿ ಒಂದು ಬಾಟಲಿ ತುಂಬಿಸಿ ರೇಡಿಯೇಟರಿಗೆ ಸುರಿಯುವ ಅಭ್ಯಾಸವನ್ನು ಹಳೆಯ ಚಾಲಕರು ಇನ್ನೂ ಬಿಟ್ಟಿಲ್ಲ. ಆ ಉಪ್ಪು ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ, ಆ ಕೆಂಪು ಸಣ್ಣ ನಳಿಗೆಗಳಲ್ಲಿ ಕೂರುತ್ತದೆ. ಹೊರಗಿನಿಂದ ಕಡಲಗಾಳಿಯ ಉಪ್ಪು ರೇಡಿಯೇಟರಿನ ತೆಳು ರೆಕ್ಕೆಗಳನ್ನು ಪುಡಿಮಾಡುತ್ತ ಬರುತ್ತದೆ. ಕೈಯಿಂದ ಮುಟ್ಟಿದರೆ ಬಿಳಿ ಬೂದಿಯಂತೆ ಉದುರುವ ರೆಕ್ಕೆಗಳನ್ನು ನೋಡದ ಮೆಕ್ಯಾನಿಕ್ ಈ ಕರಾವಳಿ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ಡಿಸೆಂಬರಿನಲ್ಲಿ ಅಂಥ ರೇಡಿಯೇಟರ್ ಹೇಗೋ ನಿಭಾಯಿಸುತ್ತದೆ. ಏಪ್ರಿಲಿನಲ್ಲಿ ಕೈಚೆಲ್ಲುತ್ತದೆ. ಬಿಸಿಲಿಗೆ ಕೆಟ್ಟಿತು ಎಂದು ನಾವು ಹೇಳುತ್ತೇವೆ. ಆದರೆ ಅದು ಕೆಡತೊಡಗಿ ಎರಡು ವರ್ಷ ಆಗಿರುತ್ತದೆ. ಡಿಸ್ಟಿಲ್ಡ್ ವಾಟರಿಗೆ ಸರಿಯಾದ ಕೂಲೆಂಟ್ ಬೆರೆಸಿ ಹಾಕುವ ಖರ್ಚು ಹೆಡ್ ಗ್ಯಾಸ್ಕೆಟ್ ಹೋದ ಎಂಜಿನ್ ಬಿಚ್ಚಿಸುವ ಖರ್ಚಿನ ಎದುರು ಏನೇನೂ ಅಲ್ಲ. ದಿನದ ದುಡಿಮೆಯನ್ನೇ ನಂಬಿದ ಟೆಂಪೊ ಮಾಲೀಕನಿಗೆ ಹದಿನೈದು ದಿನ ಗಾಡಿ ಗ್ಯಾರೇಜಿನಲ್ಲಿ ನಿಲ್ಲುವುದೆಂದರೆ ಆ ತಿಂಗಳ ಸಾಲದ ಕಂತು ತಪ್ಪಿತೆಂದೇ ಅರ್ಥ.

ಮುಚ್ಚಳದ ಬಗ್ಗೆಯೂ ಒಂದು ಮಾತು. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಡುತ್ತದೆ, ಅದರಿಂದಲೇ ನೀರು 100 ದಾಟಿದರೂ ಕುದಿಯದೆ 120ರ ಆಸುಪಾಸಿನವರೆಗೆ ತಡೆಯುತ್ತದೆ. ಸ್ಪ್ರಿಂಗ್ ಸಡಿಲವಾದ ಮುಚ್ಚಳ ಘಾಟಿಯಲ್ಲಿ ನೀರನ್ನು ಹೊರಗೆ ಉಗುಳುತ್ತದೆ. ಕಾದಿರುವಾಗ ಅದನ್ನು ತಿರುಗಿಸಿದವರ ಮುಖ, ಎದೆ ಸುಟ್ಟುಹೋಗುವ ಅಪಾಯವಿದೆ, ಮುಟ್ಟಲೇಬಾರದು. ಮುಳ್ಳು ಮೇಲೇರತೊಡಗಿದರೆ ಮೊದಲು ಏಸಿ ಬಂದ್ ಮಾಡಿ, ಹೀಟರನ್ನು ಪೂರ್ತಿ ಹಾಕಬೇಕು. ಸೆಕೆಯಲ್ಲಿ ಹೀಟರೇ ಎಂದು ಹುಬ್ಬೇರಿಸಬೇಡಿ, ಅದು ಎರಡನೆಯ ಸಣ್ಣ ರೇಡಿಯೇಟರಿನ ಕೆಲಸ ಮಾಡುತ್ತದೆ. ಗೇರ್ ಇಳಿಸಿ ಎಂಜಿನ್ ತುಸು ವೇಗವಾಗಿ ತಿರುಗುವಂತೆ ಮಾಡಿದರೆ ಪಂಪು, ಫ್ಯಾನು ಎರಡೂ ಚುರುಕಾಗುತ್ತವೆ. ನೀರು ಸೋರಿಲ್ಲ, ಮುಳ್ಳು ಕೆಂಪಿಗೆ ಹೋಗಿಲ್ಲ ಎಂದಾದರೆ ಬದಿಗೆ ನಿಲ್ಲಿಸಿ ಎಂಜಿನ್ ಹಾಗೇ ಓಡಲು ಬಿಡುವುದು ಒಳ್ಳೆಯದು. ಕೆಂಪು ಮುಟ್ಟಿದರೆ, ಹಬೆ ಎದ್ದರೆ ಆ ಕ್ಷಣವೇ ಬಂದ್.

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಗಾಡಿಗಳ ಕಥೆ ಬೇರೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಹೊರಗಿನ ಗಾಳಿ ತುಸು ತೆಳುವಾದರೂ ಅದು ಸರಿದೂಗಿಸುತ್ತದೆ. ಆದರೆ ಒತ್ತಿದ ಗಾಳಿ ನೂರು ಡಿಗ್ರಿ ಮೀರಿ ಕಾಯುತ್ತದೆ, ಅದನ್ನು ಇಂಟರ್‌ಕೂಲರ್ ತಣಿಸಬೇಕು. ಇಂಟರ್‌ಕೂಲರಿಗೆ ಕೆಸರು, ಧೂಳು ಮೆತ್ತಿಕೊಂಡಿದ್ದರೆ ತಣಿಯುವುದಿಲ್ಲ. ಆಗ, ಅಥವಾ ನೀರಿನ ಉಷ್ಣತೆ ಮಿತಿ ಮೀರಿದಾಗ, ಕಂಪ್ಯೂಟರ್ ತಾನೇ ಎಣ್ಣೆ ಕಡಿಮೆ ಮಾಡುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಲಾರಿ ತೆವಳುತ್ತದೆ. ಸೈಲೆನ್ಸರಿಗೆ ಹೋಗುವ ಯೂರಿಯಾ ದ್ರವ ಮುಗಿದರೂ, ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಂಡರೂ ಇದೇ ಲಕ್ಷಣ. ಎಲ್ಲದಕ್ಕೂ ಸೆಕೆಯೇ ಕಾರಣ ಎಂದು ಸುಮ್ಮನಾಗುವ ಬದಲು ಸ್ಕ್ಯಾನರ್ ಹಚ್ಚಿ ನೋಡಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಹಳೆಯ ಡೀಸೆಲ್ ಗಾಡಿಗಳಲ್ಲಿ ಎಣ್ಣೆಯೇ ಕಾದು ಹಿಗ್ಗುವುದರಿಂದಲೂ ನೂರಕ್ಕೆ ಒಂದೆರಡು ಪಾಲು ಬಲ ಹೋಗುತ್ತದೆ. ಪಂಪು ಅಳೆಯುವುದು ಗಾತ್ರವನ್ನು, ತೂಕವನ್ನಲ್ಲ. ಟ್ಯಾಂಕ್ ತಳ ಕಾಣುವಷ್ಟು ಖಾಲಿಯಾಗಿದ್ದರೆ ಎಂಜಿನ್ನಿನಿಂದ ಮರಳಿ ಬರುವ ಬಿಸಿ ಡೀಸೆಲ್ ಬೇಗ ಕಾಯುತ್ತದೆ.

ಸಣ್ಣ ಕಾರುಗಳಲ್ಲಿ ದೊಡ್ಡ ಪಾಲು ಏಸಿಯದು, ಬೆಂಗಳೂರಿನ ಕಾರಿನ ಒಗಟಿಗೂ ಇದೇ ಮುಖ್ಯ ಉತ್ತರ. ಕರಾವಳಿಯಲ್ಲಿ ಏಸಿ ಗಾಳಿಯನ್ನು ತಂಪು ಮಾಡಿದರೆ ಸಾಲದು, ಅದರಲ್ಲಿರುವ ನೀರನ್ನೂ ಹಿಂಡಬೇಕು. ಕಾರು ನಿಂತಲ್ಲಿ ಕೆಳಗೆ ತೊಟ್ಟಿಕ್ಕುವ ನೀರೆಲ್ಲ ಎಂಜಿನ್ನಿನ ದುಡಿಮೆಯಿಂದಲೇ ಹಿಂಡಿದ್ದು. ಕಂಪ್ರೆಸರ್ ನಾಲ್ಕೈದು ಅಶ್ವಶಕ್ತಿ ಎಳೆದರೆ 65ರ ಎಂಜಿನ್ನಿಗೆ ಅದು ಬಿಸಿಲಿನ ನಷ್ಟಕ್ಕಿಂತ ದುಪ್ಪಟ್ಟು. ಅದರ ಮೇಲೆ ಏಸಿಯ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಕೂತು ಕಾದ ಗಾಳಿಯನ್ನು ಅದಕ್ಕೆ ದಾಟಿಸುತ್ತದೆ. ಐವರು ಕೂತು, ಡಿಕ್ಕಿ ತುಂಬಿಸಿ ಕೊಲ್ಲೂರಿನಿಂದ ಮೇಲೆ ಹೊರಟ ಕಾರು ಏದುಸಿರು ಬಿಟ್ಟರೆ ಅಚ್ಚರಿಯಿಲ್ಲ. ಬೇಸಗೆಯಲ್ಲಿ ಪಿಕಪ್ ಹೋದಂತೆ ಮೈಲೇಜೂ ಹೋಗುತ್ತದೆ ಎನ್ನುವವರು ಬೈಯಬೇಕಾದದ್ದು ಏಸಿಯನ್ನೇ. ಅದನ್ನು ಬಿಟ್ಟು ನೋಡಿದರೆ ತೆಳು ಗಾಳಿಯನ್ನು ಸೀಳುವುದು ಸುಲಭ, ಸಮತಟ್ಟು ದಾರಿಯ ಮೈಲೇಜ್ ಬೇಸಗೆಯಲ್ಲಿ ತುಸು ಏರಬಹುದು.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದ ಕಾಯಿಲೆಯೊಂದು ಈಗ ಇಲ್ಲವಾಗಿದೆ. ಎಂಜಿನ್ ಬದಿಗಿದ್ದ ಪೆಟ್ರೋಲ್ ಪಂಪು ಕಾದು, ಕೊಳವೆಯಲ್ಲೇ ಪೆಟ್ರೋಲ್ ಆವಿಯಾಗಿ ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತಿತ್ತು. ಚಾಲಕರು ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಈಗ ಪಂಪು ಟ್ಯಾಂಕಿನೊಳಗೇ ಮುಳುಗಿದೆ, ಕೊಳವೆಯಲ್ಲಿ ಒತ್ತಡವೂ ಹೆಚ್ಚು. ಸಿಎನ್‌ಜಿ ಗಾಡಿಗಳಲ್ಲಿ ಅನಿಲವೇ ಎಂಜಿನ್ ಸಿಲಿಂಡರಿನ ಜಾಗದಲ್ಲಿ ಸುಮಾರು ಹತ್ತನೇ ಒಂದು ಪಾಲು ಹಿಡಿಯುವುದರಿಂದ ಅವು ವರ್ಷವಿಡೀ ತುಸು ಬಲಹೀನವೇ. ಬೇಸಗೆ ಅದರ ಮೇಲಿನ ಬರೆ. ಸ್ಕೂಟರುಗಳಲ್ಲಿ ಬೆಲ್ಟ್ ಕಾದು ಜಾರುವುದನ್ನೂ ನೋಡಬೇಕು.

ಬ್ಯಾಟರಿ ಸ್ಕೂಟರಿಗೆ ಗಾಳಿಯ ಹಂಗಿಲ್ಲ, ತೇವವೂ ಎತ್ತರವೂ ಅದರ ಬಲವನ್ನು ಮುಟ್ಟುವುದಿಲ್ಲ. ಆದರೆ ಬ್ಯಾಟರಿಯ ಕೋಶಗಳು ಮಿತಿಗಿಂತ ಕಾದರೆ ಒಳಗಿನ ನಿಯಂತ್ರಕ ಕರೆಂಟನ್ನು ತಗ್ಗಿಸುತ್ತದೆ. ಬಿಸಿಲಿನಲ್ಲಿ ಮೂರು ತಾಸು ನಿಲ್ಲಿಸಿ, ಇಬ್ಬರು ಕೂತು ನೇರವಾಗಿ ಏರು ಹತ್ತಿದರೆ ಸ್ಕೂಟರ್ ತಾನಾಗಿ ನಿಧಾನವಾಗುವುದು ಅದಕ್ಕೇ. ಅದು ರಕ್ಷಣೆ, ದೋಷವಲ್ಲ. ನೆರಳಿನಲ್ಲಿ ನಿಲ್ಲಿಸುವುದು ಪೆಟ್ರೋಲ್ ಗಾಡಿಗಿಂತ ಇದಕ್ಕೆ ಹೆಚ್ಚು ಮುಖ್ಯ.

ಗಂಗೊಳ್ಳಿ ಬಂದರಿನ ಬೋಟುಗಳನ್ನೂ ಈ ಲೆಕ್ಕಕ್ಕೆ ತರಬೇಕು. ಅವುಗಳ ಎಂಜಿನ್ ತಣಿಯುವುದು ಕಡಲ ನೀರಿನಿಂದ. ಹಡಗುಗಳ ಎಂಜಿನ್ನಿಗೆ ಜಗತ್ತಿನಾದ್ಯಂತ ಹಿಡಿಯುವ ಮಾನದಂಡ ಎಂಜಿನ್ ಕೋಣೆ 45 ಡಿಗ್ರಿ, ಕಡಲ ನೀರು 32 ಡಿಗ್ರಿ. ಏಪ್ರಿಲ್, ಮೇಯಲ್ಲಿ ನಮ್ಮ ಕಡಲು 30ರ ಆಸುಪಾಸು ಇರುತ್ತದೆ. ಅಂದರೆ ಇಲ್ಲೂ ಮಿತಿಯ ಒಳಗೇ ಇದ್ದೇವೆ, ಮಿಗತೆ ಮಾತ್ರ ತೆಳು. ಗಾಳಿ ಬಾರದ ಎಂಜಿನ್ ಕೋಣೆ, ಚಿಪ್ಪು ಬೆಳೆದ ಕೊಳವೆ ಇದ್ದರೆ ಆ ಮಿಗತೆಯೂ ಹೋಗುತ್ತದೆ. ಜೂನ್, ಜುಲೈಯ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಬಲೆಗೆ ಕೊಡುವಷ್ಟೇ ಗಮನವನ್ನು ಈ ಕೊಳವೆಗಳಿಗೂ ಕೊಡಬೇಕು.

ಕೊನೆಗೆ ಎಂಜಿನ್ನಿನ ಪಕ್ಕ ಕೂತ ಮನುಷ್ಯ. ಹಳೆಯ ಲಾರಿ, ಬಸ್ಸುಗಳಲ್ಲಿ ಎಂಜಿನ್ ಚಾಲಕನ ಮೊಣಕಾಲಿಗೆ ತಾಗಿಕೊಂಡೇ ಇರುತ್ತದೆ. ರೇಡಿಯೇಟರಿಗೆ ಹೋಗದ ಬಿಸಿ ಕ್ಯಾಬಿನ್ನಿಗೆ ಬರುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳಿಗೆ ಏಸಿ ಕ್ಯಾಬಿನ್ ಕಡ್ಡಾಯವಾಗಿದೆ. ಏಸಿ ಹಾಕಿದರೆ ಘಾಟಿಯಲ್ಲಿ ಬಲ ಸಾಲದು, ಡೀಸೆಲ್ ದಂಡ ಎಂದು ಅದನ್ನು ಬಂದ್ ಮಾಡಿಸುವ ಮಾಲೀಕರು ಇದ್ದೇ ಇರುತ್ತಾರೆ. ಅವರಿಗೆ ಈ ಲೆಕ್ಕ ಸಾಕು: 200 ಅಶ್ವಶಕ್ತಿಯ ಈಗಿನ ಲಾರಿಯಲ್ಲಿ ಕ್ಯಾಬಿನ್ನಿನ ಏಸಿ ಎಳೆಯುವುದು ನಾಲ್ಕೈದು ಅಶ್ವಶಕ್ತಿ. ಕಟ್ಟಿಕೊಂಡ ಏರ್‌ಫಿಲ್ಟರ್, ಕೆಸರು ಮೆತ್ತಿದ ಇಂಟರ್‌ಕೂಲರ್ ಇವೆರಡನ್ನು ಚೊಕ್ಕಟ ಮಾಡಿಸಿದರೆ ಅದು ಬಡ್ಡಿ ಸಮೇತ ವಾಪಸ್ ಬರುತ್ತದೆ.